ತಿರುಗಿ ಬರುವುದಕ್ಕೆ ಪುರಾವೆ

ಮಾರ್ಚ್ 11

ಐ-ಟ್ವೆಂಟಿ ಬಂತು! ‘ಈಕೆಗೆ ನಮ್ಮಲ್ಲಿ ಸೀಟಿದೆ’ ಎಂದು ಅಮೆರಿಕದ ವಿಶ್ವವಿದ್ಯಾಲಯದವರು ಕೊಡುವ ಕಾಗದ ಅದು. ಇದಿಲ್ಲದೆ ವೀಸಾ ಕೇಳುವ ಹಾಗೇ ಇಲ್ಲ. ಕೃತಕ ಕೈಕಾಲು ತಯಾರಿಸುವ ಶಾಸ್ತ್ರದಲ್ಲಿ ಎರಡು ವರ್ಷದ ಮಾಸ್ಟರ್ಸ್, ಆಗಸ್ಟ್‌ನಲ್ಲಿ ತರಗತಿ ಶುರು. ಪ್ರಿಂಟ್ ತೆಗೆದುಕೊಂಡು ಮೆಟ್ಟಿಲಿಳಿದು ಕೆಳಗಿನ ವರ್ಕ್‌ಶಾಪಿಗೆ ಓಡಿದೆ. ದೊಡ್ಡಮ್ಮ ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ ಓದಿದಳು.

“ಒಳ್ಳೇದಾಯ್ತು. ಆ ಮೊಣಕಾಲಿನ ಸ್ಕ್ರೂ ಎಲ್ಲಿಟ್ಟೆ?” ಅಂದಳು.

ಅಷ್ಟೇ! ಹೆತ್ತ ಅಮ್ಮನಾದರೂ ಕಣ್ಣೊರೆಸಿಕೊಂಡಳು, ದೊಡ್ಡಮ್ಮನಿಗೆ ಸ್ಕ್ರೂ ಚಿಂತೆ.

ಕಾಲೇಜು ಮುಗಿದಾಗಿನಿಂದ ಅವಳ ಕೈಕೆಳಗೆ ಕೃತಕ ಕಾಲು ಮಾಡುತ್ತಿದ್ದೇನೆ. ಪ್ಲಾಸ್ಟರ್ ಕಲಸು, ಅಚ್ಚು ತೆಗೆ, ಉಜ್ಜು, ಮತ್ತೆ ಉಜ್ಜು. ತಲೆಗೂದಲಲ್ಲಿ, ಕಿವಿಯಲ್ಲಿ, ಚಹಾ ಲೋಟದಲ್ಲಿ ಬಿಳಿ ಪುಡಿ. ಹೊಸ ವಿಧಾನ ಏನಾದರೂ ಹೇಳಿದರೆ ಅವಳದು ಒಂದೇ ಮಾತು, “ನೋಡೋಣ.” ಬಂದವರು ‘ಕಾಲು ಯಾವಾಗ ಕೊಡ್ತೀರ’ ಅಂದರೆ ನೋಡೋಣ. ‘ಮೆಟ್ಟಿಲು ಹತ್ತೋಕೆ ಆಗುತ್ತಾ’ ಅಂದರೆ ನೋಡೋಣ. ಮನುಷ್ಯರ ಮೈ ಇವತ್ತು ಊದುತ್ತೆ, ನಾಳೆ ಇಳಿಯುತ್ತೆ, ತೊಟ್ಟು ನಡೆದು ತೋರಿಸೋವರೆಗೂ ಯಾರಿಗೂ ಮಾತು ಕೊಡಬಾರದು ಅನ್ನುವುದು ಅವಳ ಕಾನೂನು. ನನಗೂ ಅದೇ ಹೇಳಿಕೊಟ್ಟು ಬೆಳೆಸಿದ್ದಾಳೆ. ಕೇಳಿ ಕೇಳಿ ಕಿವಿ ತೂತಾಗಿದೆ.

ಒಂದು ಸಲ ವಿಮಾನ ಹತ್ತಿದರೆ ಸಾಕು. ಆಮೇಲೆ ಈ ವರ್ಕ್‌ಶಾಪಿನ ಕಡೆ ತಲೆ ಹಾಕಿ ಕೂಡ ಮಲಗುವುದಿಲ್ಲ.

ಮಾರ್ಚ್ 19

ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುವುದು ಸುಳ್ಳಲ್ಲ. ಸೀಟು ಸಿಕ್ಕರೆ ಮುಗಿಯಿತು ಅಂದುಕೊಂಡಿದ್ದೆ. ಈಗ ಶುರು.

ಮೊಬೈಲ್ ರಿಪೇರಿ ಅಂಗಡಿಯ ಮೇಲೊಬ್ಬ ಏಜೆಂಟ್ ಇದ್ದಾನೆ. ಬಾಯಿ ತೆರೆದರೆ ‘ಫೈಲು’ ಅನ್ನುತ್ತಾನಾದ್ದರಿಂದ ನಾನಿಟ್ಟ ಹೆಸರು ಫೈಲಪ್ಪ. ಅವನ ಗೋಡೆಯ ತುಂಬ ಪಾಸ್‌ಪೋರ್ಟ್ ಹಿಡಿದು ಹಲ್ಲು ಕಿರಿಯುವವರ ಫೋಟೋಗಳು. ಅವನು ಪಟ್ಟಿ ಒಪ್ಪಿಸಿದ: ಸೆವಿಸ್ ಎಂಬ ವಿದೇಶಿ ವಿದ್ಯಾರ್ಥಿಗಳ ನೋಂದಣಿ ಶುಲ್ಕ, ಡಿಎಸ್-160 ಎಂಬ ಫಾರಂ, ವೀಸಾ ಶುಲ್ಕ, ಕನ್ನಡಕವಿಲ್ಲದ ಫೋಟೋ, ಬ್ಯಾಂಕಿನ ಕಾಗದ, ಖರ್ಚು ಕೊಡುವವರ ಅಫಿಡವಿಟ್, ಬೆರಳಚ್ಚು, ಕೊನೆಗೆ ಸಂದರ್ಶನ. ಮೂಗಿಗಿಂತ ಮೂಗುತಿ ಭಾರ.

“ಮೇಡಂ, ಇವೆಲ್ಲ ಒಂದು ತೂಕ, ಇದೊಂದೇ ಒಂದು ತೂಕ. ಓದು ಮುಗಿಸಿ ನೀವು ವಾಪಸ್ ಬರ್ತೀರ ಅಂತ ಅವರಿಗೆ ನಂಬಿಕೆ ಬರಬೇಕು. ಅಲ್ಲೇ ಉಳಿಯೋಕೆ ಹೊರಟವರು ಅಂತಾನೇ ಅವರು ಮೊದಲು ಅಂದ್ಕೊಳ್ಳೋದು. ಅಲ್ಲ ಅಂತ ನೀವೇ ತೋರಿಸ್ಬೇಕು.”

“ಅಂದ್ರೆ, ತಪ್ಪು ಮಾಡೋಕೆ ಮುಂಚೇನೇ ತಪ್ಪಿತಸ್ಥೆ?”

“ಹಾಗಲ್ಲ ಮೇಡಂ, ಅದು ಕಾನೂನು.”

ಮೈ ಉರಿಯಿತು. ಅಲ್ಲೇ ಉಳಿಯುವ ಯೋಚನೆ ನನಗೆ ಇರುವುದೇನೋ ನಿಜ. ಆದರೆ ಅದು ಇವರಿಗೆ ಮೊದಲೇ ಹೇಗೆ ಗೊತ್ತು?

ಮಾರ್ಚ್ 27

ಇವತ್ತಿನ ಕಥೆ ಯಾರಿಗೂ ಹೇಳುವ ಹಾಗಿಲ್ಲ, ಇಲ್ಲಿ ಬರೆದು ಹೊಟ್ಟೆಯುರಿ ತೀರಿಸಿಕೊಳ್ಳುತ್ತೇನೆ.

ನನ್ನ ಓದಿನ ಖರ್ಚು ದೊಡ್ಡಮ್ಮನದು. ಯಾರೂ ಕೇಳಿದ್ದಲ್ಲ, ಅರ್ಜಿ ಹಾಕಿದ ದಿನ ತಾನಾಗಿ ಅಂದಿದ್ದಳು. ಅದನ್ನು ಅಫಿಡವಿಟ್ಟಿನಲ್ಲಿ ಬರೆದುಕೊಡಬೇಕು. ಫೈಲಪ್ಪ ಛಾಪಾ ಕಾಗದದ ಮೇಲೆ ಚೆನ್ನಾಗಿ ಟೈಪ್ ಮಾಡಿಸಿದ್ದ: ‘ಪೂರ್ತಿ ಖರ್ಚನ್ನು ಭರಿಸುತ್ತೇನೆಂದು ಈ ಮೂಲಕ ವಚನ ನೀಡುತ್ತೇನೆ.’ ನೋಟರಿಯ ಮುಂದೆ ಕೂತಿದ್ದೆವು. ದೊಡ್ಡಮ್ಮ ಎರಡು ಸಲ ಓದಿದಳು. ಪೆನ್ನು ತೆಗೆದು ‘ಭರಿಸುತ್ತೇನೆ’ಯ ಹಿಂದೆ ಒಂದು ಗೀಟು ಹಾಕಿ, ಮೇಲೆ ಗುಂಡಗೆ ‘ಕೈಲಾದಷ್ಟು’ ಎಂದು ಸೇರಿಸಿ ಸಹಿ ಹಾಕಿದಳು.

ಫೈಲಪ್ಪ ತಲೆ ಮೇಲೆ ಕೈ ಹೊತ್ತ.

“ದೊಡ್ಡಮ್ಮಾ! ಇದೇನು ಮಾಡ್ದೆ?”

“ನಾಳೆ ನನಗೇನಾಗುತ್ತೋ ಯಾರಿಗೆ ಗೊತ್ತೇ? ಸುಳ್ಳು ವಚನ ಯಾಕೆ ಕೊಡ್ಲಿ?”

“ಅಮೆರಿಕದವರು ಕೈಲಾದಷ್ಟನ್ನ ಒಪ್ಪಲ್ಲಮ್ಮ,” ಫೈಲಪ್ಪ ಗೋಗರೆದ.

“ಯಾಕೆ, ಅವರ ಕೈಯಲ್ಲಿ ಆಗದೇ ಇರೋದು ಯಾವುದೂ ಇಲ್ವಾ?”

ಇನ್ನೊಂದು ಛಾಪಾ ಕಾಗದ, ಇನ್ನೊಂದು ಟೈಪು, ಮತ್ತೆ ಅದೇ ನೋಟರಿ. ಈ ಸಲ ಸಹಿ ಹಾಕುವಾಗ ಅವಳ ಕೈ ನಾನು ಹಿಡಿದುಕೊಂಡಿದ್ದೆ.

ಏಪ್ರಿಲ್ 2

ಡಿಎಸ್-160. ಸ್ವಲ್ಪ ಹೊತ್ತು ಕೈ ಆಡಿಸದಿದ್ದರೆ ಫಾರಂ ತಾನಾಗಿ ಮುಚ್ಚಿಕೊಳ್ಳುತ್ತದೆ. ಅಮ್ಮ ಚಹಾ ಕೊಡಲು ಬಂದು ಮಾತಾಡಿಸಿದಳು, ಮುಚ್ಚಿಕೊಂಡಿತು. ಭಯೋತ್ಪಾದನೆ ಮಾಡಿದ್ದೀಯಾ ಎಂದು ಕೇಳಿದ್ದಾರೆ. ಇನ್ನೊಂದು ಸಲ ಮುಚ್ಚಿಕೊಂಡರೆ ಮಾಡುವವಳಿದ್ದೇನೆ.

ಏಪ್ರಿಲ್ 24

ಆಗಲಿಲ್ಲ.

ಮೊದಲಿನಿಂದ ಬರೆಯುತ್ತೇನೆ. ಕಾನ್ಸುಲೇಟ್ ಮುಂದೆ ಬೆಳಗ್ಗೆ ಸಾಲು. ಫೋನ್ ಒಳಗೆ ಬಿಡುವುದಿಲ್ಲ, ಕಾಗದಗಳು ಪಾರದರ್ಶಕ ಚೀಲದಲ್ಲಿ. ಬೆರಳಚ್ಚಿನ ಕಿಟಕಿಯಲ್ಲಿ ಒಬ್ಬಾಕೆ ನಾಲ್ಕು ಬೆರಳು ಗಾಜಿನ ಮೇಲಿಡಲು ಹೇಳಿದಳು. ಕೆಂಪು ದೀಪ. ಒರೆಸಿ ಇಡಿ ಅಂದಳು. ಕೆಂಪು. ಒತ್ತಿ ಇಡಿ. ಕೆಂಪು. “ನಿಮ್ಮ ಬೆರಳಲ್ಲಿ ಗೆರೆಗಳೇ ಇಲ್ವಲ್ಲ, ಏನು ಕೆಲಸ ಮಾಡ್ತೀರ?” ಅಂದಳು. ವರ್ಷಗಟ್ಟಲೆ ಪ್ಲಾಸ್ಟರ್ ಉಜ್ಜಿದವಳ ಬೆರಳಲ್ಲಿ ಗೆರೆ ಎಲ್ಲಿಂದ ಬರಬೇಕು? ಏನೋ ದ್ರವ ಹಚ್ಚಿಸಿ, ಹಿಂದೆ ಸಾಲಿನಲ್ಲಿದ್ದವರೆಲ್ಲ ನನ್ನನ್ನು ಕಳ್ಳಿಯ ಹಾಗೆ ನೋಡಿದ ಮೇಲೆ ಹಸಿರು ದೀಪ ಹತ್ತಿತು. ಮುಂದಿನ ಸಲವೂ ಹೀಗಾದರೆ ವಾಪಸ್ ಕಳಿಸುತ್ತೇವೆ ಅಂದಳು.

ಸಂದರ್ಶನದ ಅಧಿಕಾರಿಣಿ ಗಾಜಿನ ಆಚೆ. ವಯಸ್ಸು ನನ್ನಷ್ಟೇ ಇರಬೇಕು. ಈ ಕೋರ್ಸು ಯಾಕೆ? ಹೇಳಿದೆ. ಖರ್ಚು ಯಾರದು? ಹೇಳಿದೆ. ಅಫಿಡವಿಟ್ ನೋಡಲೇ ಇಲ್ಲ! ಆಮೇಲೆ, ಕಂಪ್ಯೂಟರ್ ನೋಡುತ್ತಲೇ ಕೇಳಿದಳು, “ಓದು ಮುಗಿದ ಮೇಲೆ ನಿಮ್ಮ ದೇಶಕ್ಕೆ ವಾಪಸ್ ಬರ್ತೀರ?”

ಫೈಲಪ್ಪ ಹೇಳಿಕೊಟ್ಟ ಗಿಣಿಪಾಠ ನಾಲಿಗೆ ತುದಿಯಲ್ಲಿತ್ತು. ಖಂಡಿತ ಬರುತ್ತೇನೆ, ದೊಡ್ಡಮ್ಮನ ಸಂಸ್ಥೆಯನ್ನು ಬೆಳೆಸುತ್ತೇನೆ, ಇತ್ಯಾದಿ. ನನ್ನ ಬಾಯಿಂದ ಬಂದದ್ದು, “ನೋಡೋಣ.”

ಇಂಗ್ಲಿಷಿನಲ್ಲೇ ಅಂದೆ, ನಗುತ್ತಾ ಅಂದೆ, ಕಾಲು ಯಾವಾಗ ಸಿಗುತ್ತದೆ ಎಂದವರಿಗೆ ಹೇಳುವ ಹಾಗೆ. ಅಂದಮೇಲೆಯೇ ನನಗೆ ಕೇಳಿಸಿದ್ದು. ಆಕೆ ಮೊದಲ ಸಲ ತಲೆಯೆತ್ತಿ ನನ್ನ ಮುಖ ನೋಡಿದಳು. ಪಾಸ್‌ಪೋರ್ಟಿನ ಜೊತೆ ಒಂದು ಚೀಟಿ ಗಾಜಿನ ಕೆಳಗಿಂದ ಈಚೆ ತಳ್ಳಿದಳು. ತಾಯ್ನಾಡಿಗೆ ಮರಳುವಷ್ಟು ಗಟ್ಟಿಯಾದ ನಂಟುಗಳಿವೆ ಎಂದು ನಾನು ತೋರಿಸಿಲ್ಲವಂತೆ. ಮೇಲ್ಮನವಿ ಇಲ್ಲ. ಬೇಕಿದ್ದರೆ ಹೊಸದಾಗಿ ಅರ್ಜಿ, ಹೊಸದಾಗಿ ಶುಲ್ಕ.

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಕಸಿದದ್ದು ಬೇರೆ ಯಾರೂ ಅಲ್ಲ, ನನ್ನದೇ ಬಾಯಿ. ಅಲ್ಲ, ದೊಡ್ಡಮ್ಮನ ಬಾಯಿ, ನನ್ನ ಮುಖಕ್ಕೆ ಅಂಟಿಸಿದ್ದು.

ಏಪ್ರಿಲ್ 25

ದೊಡ್ಡಮ್ಮ ಎಲ್ಲ ಕೇಳಿಸಿಕೊಂಡು, “ಸರಿಯಾಗೇ ಹೇಳಿದ್ದೀಯಲ್ಲ?” ಅಂದಳು.

ತಟ್ಟೆ ತಳ್ಳಿ ಎದ್ದೆ.

ಮೇ 6

ಮತ್ತೆ ಅರ್ಜಿ. ಜೂನ್ 17ಕ್ಕೆ ದಿನ ಸಿಕ್ಕಿದೆ. ಅದು ತಪ್ಪಿದರೆ ತರಗತಿ ಶುರುವಾಗುವ ಮೊದಲು ಇನ್ನೊಂದು ದಿನ ಸಿಗುವ ಹಾಗಿಲ್ಲ, ಸೀಟು ಹೋದಂತೆಯೇ.

ಫೈಲಪ್ಪನ ಹೊಸ ಆಜ್ಞೆ: ಅಲ್ಲಿಯವರೆಗೆ ಪ್ಲಾಸ್ಟರ್ ಮುಟ್ಟಬಾರದು, ಸ್ಯಾಂಡ್‌ಪೇಪರ್ ಹಿಡಿಯಬಾರದು. ದಿನಾ ವ್ಯಾಸಲೀನ್ ಹಚ್ಚಿ ಗ್ಲೌಸ್ ಹಾಕಿಕೊಂಡಿದ್ದರೆ ಬೆರಳಿನ ಗೆರೆ ಮತ್ತೆ ಹುಟ್ಟುತ್ತವಂತೆ. ಆಗಬಹುದು ಅಂದೆ. ಆ ಪುಡಿಯಿಂದ ಬಿಡುಗಡೆ ಸಿಗುವುದಾದರೆ ಬೇಡ ಅನ್ನುವುದಕ್ಕೆ ನನಗೇನು ಹುಚ್ಚೇ?

ವರ್ಕ್‌ಶಾಪಿನಲ್ಲಿ ಕುರ್ಚಿ ಹಾಕಿಕೊಂಡು ಬೀಗರ ಹಾಗೆ ಕೂತಿದ್ದೆ. ನಾನು ‘ದೂರು ಟೀಚರ್’ ಅನ್ನುವವರು ಬಂದರು. ಹೋದ ವರ್ಷ ಅಪಘಾತದಲ್ಲಿ ಎಡಗಾಲು ಮೊಣಕಾಲಿನ ಕೆಳಗೆ ಹೋಗಿದೆ. ಪ್ರಾಥಮಿಕ ಶಾಲೆಯ ಟೀಚರ್, ನಮ್ಮಲ್ಲಿ ಕಾಲು ಮಾಡಿಸಿಕೊಂಡಾಗಿನಿಂದ ಒಂದಲ್ಲ ಒಂದು ದೂರು. ಚುಚ್ಚುತ್ತೆ, ಒತ್ತುತ್ತೆ, ಶಬ್ದ ಮಾಡುತ್ತೆ, ಬಣ್ಣ ಸರಿಯಿಲ್ಲ. ನನ್ನ ಕೈ ನೋಡಿ, “ಏನಮ್ಮಾ, ಕೆಲಸ ಮಾಡದೆ ಇರೋಕೂ ಗ್ಲೌಸು ಬೇಕಾ?” ಅಂದರು. ಇವರನ್ನೂ ಇನ್ನು ನೋಡಬೇಕಾಗಿಲ್ಲ ಎಂದುಕೊಂಡು ಸಮಾಧಾನ ಪಟ್ಟೆ.

ಮೇ 15

ದಿನಕ್ಕೆರಡು ಸಲ ಫೈಲಪ್ಪ ಫೋನಿನಲ್ಲಿ ಪರೀಕ್ಷೆ ತೆಗೆದುಕೊಳ್ಳುತ್ತಾನೆ. “ವಾಪಸ್ ಬರ್ತೀರ?” “ಖಂಡಿತ ಬರ್ತೀನಿ.” “ಯಾಕೆ?” “ನನ್ನ ಕುಟುಂಬ ಮತ್ತು ಉದ್ಯೋಗ ಇಲ್ಲಿದೆ.” “ಸ್ವಲ್ಪ ಭಾವನೆ ಇರ್ಲಿ ಮೇಡಂ.” ಭಾವನೆ ಇದೆ, ಅವನ ಕುತ್ತಿಗೆ ಹಿಚುಕುವ ಭಾವನೆ.

ಟೀಚರಿಗೆ ಹೊಸ ಸಾಕೆಟ್ ಆಗಬೇಕಿದೆ. ಕತ್ತರಿಸಿದ ಮೇಲೆ ಉಳಿದ ಕಾಲಿನ ಭಾಗ ಕೂರುವ ಬಟ್ಟಲಿಗೆ ಸಾಕೆಟ್ ಅನ್ನುತ್ತೇವೆ, ಅದು ಸರಿಯಿಲ್ಲದಿದ್ದರೆ ಕೆಳಗೆ ಚಿನ್ನದ ಪಾದ ಇಟ್ಟರೂ ಪ್ರಯೋಜನವಿಲ್ಲ. ಅವರ ಆ ಕಾಲು ಊತ ಇಳಿದು ಸಣ್ಣಗಾಗಿದೆ, ಒಂದು ಕಡೆ ಚರ್ಮ ಕೆಂಪಾಗಿ ಬಿರುಕು ಬಿಟ್ಟಿದೆ. ದೊಡ್ಡಮ್ಮ ಅಚ್ಚು ತೆಗೆದಳು. ನಾನು ಕುರ್ಚಿಯಿಂದಲೇ ನೋಡುತ್ತಿದ್ದೆ. ಅವಳ ಬಲಗೈ ಹೆಬ್ಬೆರಳಿನ ಕೀಲು ಊದಿಕೊಂಡಿದೆ. ಒತ್ತಬೇಕಾದ ಕಡೆ ಒತ್ತಲು ಆಗುತ್ತಿಲ್ಲ. ಬಾಯಿ ಬಿಟ್ಟು ಹೇಳುವವಳೂ ಅಲ್ಲ.

“ದೊಡ್ಡಮ್ಮಾ, ಇನ್ನೂ ಸ್ವಲ್ಪ ಒಳಗೆ ಒತ್ತು.”

“ನೀನು ನಿನ್ನ ಗೆರೆ ಬೆಳೆಸ್ಕೋ ಹೋಗು,” ಅಂದಳು.

ಮೇ 28

ಈ ಫೈಲಪ್ಪನನ್ನು ಏನು ಮಾಡಬೇಕು! ನಂಟಿನ ಪುರಾವೆ ಸಾಲದು ಅಂದ. ಆಸ್ತಿ ನನ್ನ ಹೆಸರಿಗಿಲ್ಲ. ಮದುವೆ ಆಗಿಲ್ಲ. “ಒಂದು ನಿಶ್ಚಿತಾರ್ಥದ ಫೋಟೋ ಇದ್ರೆ ಫೈಲಿಗೆ ತೂಕ ಬರುತ್ತೆ. ನನ್ನ ಭಾವಮೈದ ಇದ್ದಾನೆ, ಬರೀ ಫೋಟೋಗೆ. ಕೋಟು ಅವನ ಹತ್ರಾನೇ ಇದೆ.” ನನ್ನ ಬೈಗುಳ ಕೇಳಿಸಿಕೊಂಡು ಕೆಳಗಿನ ಅಂಗಡಿಯವನೂ ಮೇಲೆ ಬಂದ.

“ಇಲ್ಲಾಂದ್ರೆ ವರ್ಕ್‌ಶಾಪನ್ನ ನಿಮ್ಮ ಹೆಸರಿಗೆ ಮಾಡಿಸಿ,” ಅಂದ ಫೈಲಪ್ಪ. ದೊಡ್ಡಮ್ಮನಿಗೆ ಹೇಳಿದರೆ, “ನಾನಿನ್ನೂ ಗಟ್ಟಿಯಾಗಿದ್ದೀನಿ ಕಣೇ,” ಅಂದಳು, ಊದಿದ ಹೆಬ್ಬೆರಳನ್ನು ಸೆರಗಿನಲ್ಲಿ ಮುಚ್ಚಿಕೊಂಡು.

ಕಾನ್ಸುಲೇಟಿನವರು ಕೇಳುವ ಪುರಾವೆ ಎಂಥದ್ದು? ನಂಟಿಗೆ ರಸೀದಿ ಕೊಡುತ್ತಾರೆಯೇ? ನಾಳೆ ಕೂತು ನಿಧಾನವಾಗಿ ಯೋಚಿಸಬೇಕು. ಇವತ್ತು ತಲೆ ಓಡುತ್ತಿಲ್ಲ, ಟೀಚರ್ ಎರಡನೇ ಸಾಕೆಟ್ಟೂ ವಾಪಸ್ ತಂದಿದ್ದಾರೆ. ಮೊಣಕಾಲಿನ ಚಿಪ್ಪಿನ ಕೆಳಗೆ ಭಾರ ಹೊರಬೇಕು, ಅದು ಮೂಳೆಯ ತುದಿಗೆ ಹೋಗಿ ಕೂರುತ್ತಿದೆ. ಒಳಬದಿ ತುಸು ತೆಗೆದು, ಹಿಂಬದಿ ಎತ್ತರಿಸಿದರೆ ಹೇಗೆ? ಅಥವಾ ಅಚ್ಚು ತೆಗೆಯುವಾಗಲೇ ಕಾಲನ್ನು ಇನ್ನಷ್ಟು ಬಗ್ಗಿಸಿ ಹಿಡಿದರೆ? ಹಾಗೆ ಮಾಡಿದರೆ ಹಿಂಬದಿಯ ನರಕ್ಕೆ ಒತ್ತುತ್ತದೋ ಏನೋ. ಆ ಕಾಲು ಇನ್ನೂ ಇಳಿಯುತ್ತದೆ, ಡಿಸೆಂಬರ್ ಹೊತ್ತಿಗೆ ಈಗ ಮಾಡಿದ್ದು ಮತ್ತೆ ಸಡಿಲವಾಗುತ್ತದೆ. ಅದಕ್ಕೆ ಜಾಗ ಬಿಟ್ಟು ಮಾಡುವುದು ಹೇಗೆ ಎಂದು ಅಮೆರಿಕದ ಆ ವಿಶ್ವವಿದ್ಯಾಲಯದ ಪ್ರೊಫೆಸರಿಗೆ ಪತ್ರ ಬರೆದು ಕೇಳಿದ್ದೇನೆ. ಇನ್ನೂ ಉತ್ತರವಿಲ್ಲ. ಆ ಜನಕ್ಕೂ ನಿಧಾನ!

ಜೂನ್ 9

ಮೂರನೆಯದನ್ನು ತೊಟ್ಟು ಟೀಚರ್ ವರ್ಕ್‌ಶಾಪಿನ ಉದ್ದಕ್ಕೂ ನಡೆದರು. ಕಂಬಿ ಹಿಡಿದು ನಿಂತರು. “ಪರವಾಗಿಲ್ಲ,” ಅಂದರು.

ಇಷ್ಟು ದಿನ ಆ ಬಾಯಿಂದ ಆ ಮಾತು ಕೇಳಿದವಳಲ್ಲ. ಬಣ್ಣ ಸರಿಯಿಲ್ಲ ಅನ್ನಲಿಲ್ಲ, ಶಬ್ದ ಅನ್ನಲಿಲ್ಲ. ಹೆಜ್ಜೆ ಇಟ್ಟಾಗಲೆಲ್ಲ ಭುಜ ಒಂದು ಕಡೆ ವಾಲುತ್ತಿತ್ತು.

“ನಿಜ ಹೇಳಿ ಟೀಚರ್.”

“ಏನು ನಿಜ? ಮುಂದಿನ ವಾರ ನನ್ನ ರಜೆ ಮುಗಿದು ಶಾಲೆಗೆ ಹೋಗ್ಬೇಕು. ಕುರ್ಚಿ ಹಾಕಿ ಕೊಡ್ತೀವಿ ಅಂದಿದ್ದಾರೆ ಹೆಡ್‌ಮಾಸ್ಟ್ರು. ಕೂತೇ ಪಾಠ ಮಾಡಿದ್ರಾಯ್ತು. ಎಷ್ಟು ಜನ ಮಾಡಲ್ಲ? ನಿಮಗೂ ಸಾಕಾಯ್ತು, ನನಗೂ ಸಾಕಾಯ್ತು.”

ಗ್ಲೌಸ್ ಕಿತ್ತು ಬಿಸಾಕಿದೆ. ಅದನ್ನು ಹಾಕಿಕೊಂಡು ಅಚ್ಚು ತೆಗೆಯಲು ಸಾಧ್ಯವೇ ಇಲ್ಲ, ಮೂಳೆ ಎಲ್ಲಿ ಮಾಂಸ ಎಲ್ಲಿ ಎಂದು ಗೊತ್ತಾಗುವುದಿಲ್ಲ. ವ್ಯಾಸಲೀನ್ ಸೋಪು ಹಾಕಿ ತೊಳೆದೆ. ದೊಡ್ಡಮ್ಮ ಪ್ಲಾಸ್ಟರ್ ಪಟ್ಟಿಗಳನ್ನು ನೀರಿಗೆ ಹಾಕಿ ಕೊಟ್ಟಳು, ಬೇಡ ಅನ್ನಲಿಲ್ಲ, ಬೇಕು ಅನ್ನಲೂ ಇಲ್ಲ. ಪಟ್ಟಿ ಸುತ್ತಿ, ಚಿಪ್ಪಿನ ಕೆಳಗೆ ಎರಡೂ ಹೆಬ್ಬೆರಳು ಒತ್ತಿ, ಪ್ಲಾಸ್ಟರ್ ಬೆಚ್ಚಗಾಗಿ ಗಟ್ಟಿಯಾಗುವವರೆಗೂ ಅಲುಗಾಡದೆ ಹಿಡಿದೆ. ಬೆರಳಡಿ ಎಲ್ಲ ಗೊತ್ತಾಗುತ್ತಿತ್ತು. ಅಬ್ಬಾ!

“ನೋವಾಗುತ್ತೆ,” ಅಂದರು ಟೀಚರ್.

“ಎಲ್ಲಿ? ಸರಿಯಾಗಿ ತೋರಿಸಿ,” ಅಂದೆ.

ಜೂನ್ 13

ನಾಲ್ಕು ದಿನದಿಂದ ಉಜ್ಜುತ್ತಿದ್ದೇನೆ. ಫೈಲಪ್ಪ ಕಾಗದ ಕೊಡಲು ಬಂದವನು ನನ್ನ ಕೈ ನೋಡಿ ಬಾಗಿಲಲ್ಲೇ ಕುಸಿದು ಕೂತ. “ಇನ್ನು ನಾಲ್ಕು ದಿನ ಇತ್ತಲ್ಲ ಮೇಡಂ! ಬೆಣ್ಣೆ ಕೈಯಲ್ಲಿಟ್ಟುಕೊಂಡು ಬೆಂಕಿಗೆ ಹಾರಿದ್ರಲ್ಲ!” ಹಾಗೊಂದು ಗಾದೆ ನಾನು ಕೇಳಿದ್ದಿಲ್ಲ. ಅಮ್ಮ ಅಳುತ್ತಿದ್ದಾಳೆ. ಎಲ್ಲರಿಗೂ ನನ್ನ ಬೆರಳೇ ಬೇಕು. ದಾರಿ ಬಿಡಿ, ಪುಡಿ ಗಾಳಿಗೆ ಹಾರುತ್ತೆ, ಅಂದೆ.

ಜೂನ್ 17

ಕೆಂಪು ದೀಪ. ಕೆಂಪು. ಕೆಂಪು. ಅದೇ ಹೆಂಗಸು, ಅದೇ ದ್ರವ. ಬಲ ಹೆಬ್ಬೆರಳು ಮಾತ್ರ ಏನು ಮಾಡಿದರೂ ಒಲ್ಲೆ ಅಂದಿತು. ಸೀಟು, ಆಗಸ್ಟ್, ಎಲ್ಲ ಈ ಒಂದು ಬೆರಳಲ್ಲಿ ಮುಗಿಯಿತು ಅನ್ನಿಸಿ ಕಣ್ಣಲ್ಲಿ ನೀರು ಬಂತು. ಆಕೆ ಆಚೀಚೆ ನೋಡಿ, “ಬೆರಳನ್ನ ಹಣೆಗೆ ಉಜ್ಜಿಕೊಂಡು ಇಡಿ,” ಅಂದಳು. ಹಣೆಯ ಜಿಡ್ಡಿಗೆ ಹಸಿರು ಹತ್ತಿತು!

ಈ ಸಲದ ಅಧಿಕಾರಿ ನಡುವಯಸ್ಸಿನವನು. ಹಳೆಯ ಚೀಟಿಯ ವಿಷಯ ಕಂಪ್ಯೂಟರಿನಲ್ಲಿ ಓದಿಕೊಂಡ, ಹುಬ್ಬು ಗಂಟಿಕ್ಕಿತು. ನನ್ನ ಕೈ ನೋಡಿದ. ಉಗುರಿನ ಸಂದಿಯಲ್ಲಿ ಇನ್ನೂ ಬಿಳಿ.

“ಏನದು?”

“ಪ್ಲಾಸ್ಟರ್. ನಿನ್ನೆಯವರೆಗೆ ಒಬ್ಬರ ಕಾಲಿನ ಕೆಲಸ ಇತ್ತು.”

“ಆಯ್ತಾ? ಸರಿಯಾಗಿ ಕೂತ್ಕೊಳ್ತಾ?”

ಸಾಲು ಅಷ್ಟುದ್ದ ಇದ್ದರೂ ಕೇಳಿದನಲ್ಲ, ಹೇಳಿದೆ. ಮೊದಲ ಮೂರು ಯಾಕೆ ಕೆಟ್ಟವು, ನಾಲ್ಕನೆಯದರಲ್ಲಿ ಏನು ಬದಲಿಸಿದೆ, ಟೀಚರ್ ಹೇಗೆ ನಡೆದರು. ಕೈಯಲ್ಲೇ ಗಾಜಿನ ಮೇಲೆ ಚಿತ್ರ ಬರೆದು ತೋರಿಸಿದೆ. ಆಮೇಲೆ ನೆನಪಾಗಿ ಕೇಳಿದೆ, “ಸರ್, ಈ ವೀಸಾದಲ್ಲಿ ಓದಿನ ಮಧ್ಯೆ ಮನೆಗೆ ಬಂದು ಹೋಗಬಹುದಾ? ಡಿಸೆಂಬರ್ ಹೊತ್ತಿಗೆ ಆ ಕಾಲು ಇಳಿದು ಸಾಕೆಟ್ ಸಡಿಲ ಆಗುತ್ತೆ. ನಮ್ಮ ದೊಡ್ಡಮ್ಮನ ಹೆಬ್ಬೆರಳಿಗೆ ಈಗ ಶಕ್ತಿ ಇಲ್ಲ, ನಾನೇ ಬದಲಿಸಬೇಕು. ಚಳಿಗಾಲದ ರಜೆ ಮೂರೇ ವಾರ, ಅಷ್ಟರಲ್ಲಿ ಮುಗಿಸ್ತೀನಿ.”

ಅವನು ಟೈಪ್ ಮಾಡುತ್ತಿದ್ದವನು ನಿಲ್ಲಿಸಿ ನನ್ನನ್ನೇ ನೋಡಿದ. ಬಂದು ಹೋಗಬಹುದು, ಐ-ಟ್ವೆಂಟಿಯ ಮೇಲೆ ಕಾಲೇಜಿನವರ ಸಹಿ ಹಾಕಿಸಿಕೊಳ್ಳೋದು ಮರೀಬೇಡಿ, ಅಂದ. ಪಾಸ್‌ಪೋರ್ಟ್ ತನ್ನ ಹತ್ತಿರವೇ ಇಟ್ಟುಕೊಂಡ. “ವೀಸಾ ಮಂಜೂರಾಗಿದೆ.” ಮುಂದಿನವರನ್ನು ಕರೆದ.

ನಾನು ಅಲ್ಲೇ ನಿಂತಿದ್ದೆ. ವಾಪಸ್ ಬರ್ತೀಯಾ ಅಂತ ಕೇಳಲೇ ಇಲ್ಲ! ತಿಂಗಳುಗಟ್ಟಲೆ ಫೈಲಪ್ಪ ಕುತ್ತಿಗೆ ಮೇಲೆ ಕೂತು ಉರು ಹೊಡೆಸಿದ ಉತ್ತರ ಗಂಟಲಲ್ಲೇ ಉಳಿಯಿತು. ಫೈಲು ತೆರೆಯಲಿಲ್ಲ. ಕೇಳುವುದಿಲ್ಲ ಅಂದಮೇಲೆ ನಮ್ಮನ್ನು ಯಾಕೆ ಇಷ್ಟು ಗೋಳು ಹೊಯ್ದುಕೊಳ್ಳಬೇಕು? ಬಸ್ಸಿನಲ್ಲಿ ಊರು ತಲುಪುವವರೆಗೂ ಸಿಟ್ಟು ಇಳಿಯಲಿಲ್ಲ.

ಜೂನ್ 24

ಶಾಲೆ ಬಿಟ್ಟ ಮೇಲೆ ಟೀಚರ್ ನೇರ ಇಲ್ಲಿಗೇ ಬಂದರು. ಬಾಗಿಲಲ್ಲೇ ಶುರು. ಇಡೀ ದಿನ ನಿಂತಿದ್ದಕ್ಕೆ ಹಿಮ್ಮಡಿ ಸ್ವಲ್ಪ ಹೊರಕ್ಕೆ ತಿರುಗುತ್ತದಂತೆ, ಬೋರ್ಡಿನ ಕಡೆ ತಿರುಗಿದಾಗ ಕಿರ್ ಅನ್ನುತ್ತದಂತೆ, ಮಕ್ಕಳು ನಗುತ್ತಾರಂತೆ, ಬಣ್ಣವಂತೂ ಯಾರ ಕಾಲಿನದೋ ಅಂತೆ. ಇಂಥ ದೂರುಗಂಟಿಯನ್ನು ನಾನು ಜನ್ಮದಲ್ಲಿ ಕಂಡಿಲ್ಲ. ನೆಲಕ್ಕೆ ಕೂತು ಪಾದದ ಬೋಲ್ಟ್ ಸಡಿಲ ಮಾಡಿ ತಿರುಗಿಸಿದೆ, ನಡೆಸಿದೆ, ಮತ್ತೆ ತಿರುಗಿಸಿದೆ. ದೊಡ್ಡಮ್ಮ ಇನ್ನೂ ಒಂದು ಕೂದಲೆಳೆ ಒಳಕ್ಕೆ ಅಂದಳು, ನಾನು ಹೊರಕ್ಕೆ ಅಂದೆ. ಜಗಳ ಜೋರಾಗಿಯೇ ನಡೆಯಿತು. ಮಧ್ಯೆ ಫೋನು ಬಡಿದುಕೊಳ್ಳುತ್ತಲೇ ಇತ್ತು. ಕೊನೆಗೆ ಅಮ್ಮ ಎತ್ತಿ ನನ್ನ ಕಿವಿಗೆ ಹಿಡಿದಳು.

“ಮೇಡಂ, ಎಲ್ಲಿದ್ದೀರ? ಬೆಳಗ್ಗೆಯಿಂದ ಬಂದು ಕೂತಿದೆ!” ಫೈಲಪ್ಪ ಕಿರುಚಿದ.

“ಯಾರು?”

“ಯಾರು ಅಂದ್ರೆ? ಪಾಸ್‌ಪೋರ್ಟು ಮೇಡಂ! ವೀಸಾ! ಊರಿನ ಕೊರಿಯರ್ ಕೌಂಟರಿಗೆ ಬಂದಿದೆ ಅಂತ ನಿಮಗೂ ಮೆಸೇಜ್ ಬಂದಿರುತ್ತೆ. ಜನ ಆ ಬಾಗಿಲು ತೆಗೆಯೋಕೆ ಮುಂಚೆ ಹೋಗಿ ನಿಂತಿರ್ತಾರೆ, ನೀವು ಇನ್ನೂ ಹೋಗಿಲ್ವಾ?”

ಬೆಳಗ್ಗೆ ಮೆಸೇಜ್ ನೋಡಿದ ನೆನಪು ಆಗ ಬಂತು. ಗಡಿಯಾರ ನೋಡಿದರೆ ಕೌಂಟರ್ ಮುಚ್ಚಿಯಾಗಿತ್ತು. ಫೈಲಪ್ಪ ಗೋಡೆಗೆ ನನ್ನ ಫೋಟೋ ಬೇಕು ಎಂದು ಇನ್ನೇನೋ ಹೇಳುತ್ತಿದ್ದ, ಟೀಚರ್ ಇತ್ತ ಕಂಬಿ ಬಿಟ್ಟು ಕೈಬೀಸಿಕೊಂಡು ನಡೆಯುತ್ತಿದ್ದರು. ಅವರ ಭುಜ ನೋಡಬೇಕಿತ್ತು, ಫೋನ್ ಇಟ್ಟೆ.

ನಾಳೆ ಹೋಗಿ ತರಬೇಕು. ಬೆಳಗ್ಗೆ ಆಗುವುದಿಲ್ಲ, ಶಾಲೆಗೆ ಹೋಗುವ ಮೊದಲು ಟೀಚರ್ ಬೋಲ್ಟ್ ಬಿಗಿ ಮಾಡಿಸಿಕೊಳ್ಳಲು ಬರುತ್ತಾರೆ. ಮಧ್ಯಾಹ್ನ ಹೊಸ ಪ್ಲಾಸ್ಟರ್ ಬರುವುದಿದೆ, ಇಳಿಸಿಕೊಂಡು ಆಮೇಲೆ ಹೋಗುತ್ತೇನೆ.